ಹಲಗೆ ಮೇಲಿನ ಕ್ಲಿಪ್ಪಿನಿಂದ ರಿಮೋಟ್ ಐಡಿವರೆಗೆ

ಇಲ್ಲಿ ಏನೂ ಬರೆಯದೆ ಮೂರು ತಿಂಗಳಾಯಿತು. ಕೆಲಸದ ಒತ್ತಡ ಅನ್ನೋದು ನೆಪ, ಸೋಮಾರಿತನ ಅನ್ನೋದು ನಿಜ :) ಈ ಸಲ ಬರೆಯಲೇಬೇಕು ಅನ್ನಿಸಿದ್ದು ಒಂದು ಹಳೇ ಮರದ ಹಲಗೆ ನೋಡಿದ ಮೇಲೆ. ಹಲಗೆಯ ಕತೆಗೆ ಮೊದಲು ಒಂದು ಆಟಿಕೆ ಕಾರಿನ ಕತೆ ಹೇಳಿಬಿಡುತ್ತೇನೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಸೋದರಮಾವ ನನಗೂ ನನ್ನ ಚಿಕ್ಕಮ್ಮನ ಮಗನಿಗೂ ಒಂದೇ ಥರದ ರಿಮೋಟ್ ಕಾರು ತಂದುಕೊಟ್ಟಿದ್ದರು. ಜಗಳ ಆಗಬಾರದು ಅಂತ ಬಣ್ಣ ಕೂಡ ಒಂದೇ. ಜಗಳ ಆಗಿದ್ದೇ ಅದಕ್ಕೆ! ನಾನು ಬಟನ್ ಒತ್ತಿದರೆ ಅವನ ಕಾರೂ ಓಡುತ್ತಿತ್ತು. ಅವನು ತಿರುಗಿಸಿದರೆ ನನ್ನ ಕಾರು ಹೋಗಿ ಅಜ್ಜಿ ಕೂತ ಮಣೆಗೆ ಗುದ್ದುತ್ತಿತ್ತು. ಎರಡೂ ರಿಮೋಟು ಒಂದೇ ಫ್ರೀಕ್ವೆನ್ಸಿಯಲ್ಲಿ ಕೂಗುತ್ತಿದ್ದವು. ಕಾರಿಗೆ ತನ್ನ ಯಜಮಾನ ಯಾರು ಅಂತ ಗೊತ್ತಾಗುವ ದಾರಿಯೇ ಇರಲಿಲ್ಲ. ಕೊನೆಗೆ ಅಜ್ಜಿ ತೀರ್ಪು ಕೊಟ್ಟರು: "ಬೆಳಿಗ್ಗೆ ಒಬ್ಬ ಆಡ್ಲಿ, ಸಾಯಂಕಾಲ ಇನ್ನೊಬ್ಬ ಆಡ್ಲಿ."

ಅಮೆರಿಕದ ಮಾಡೆಲ್ ವಿಮಾನದ ಕ್ಲಬ್ಬುಗಳು ದಶಕಗಟ್ಟಲೆ ನಡೆಸಿಕೊಂಡು ಬಂದಿದ್ದು ಅಜ್ಜಿಯ ಇದೇ ಕಾನೂನನ್ನು ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ.

ಆಫೀಸಿನ ಕೆಲಸದ ಮೇಲೆ ಟೆಕ್ಸಾಸಿಗೆ ಬಂದವನಿಗೆ ಶನಿವಾರ ಕಳೆಯೋದು ಹೇಗೆ ಅನ್ನೋದೇ ಸಮಸ್ಯೆ. ಇಂಜಿನಿಯರಿಂಗ್ ಓದುವಾಗ ಏರೋಮಾಡೆಲಿಂಗ್ ಹುಚ್ಚು ಹಿಡಿದಿತ್ತು. ಹಾಗಾಗಿ ಊರಾಚೆಯ ಒಂದು ಫ್ಲೈಯಿಂಗ್ ಕ್ಲಬ್ಬಿಗೆ ಸೇರಿಕೊಂಡೆ. ಅಲ್ಲಿ ಶೆಡ್ಡಿನ ಗೋಡೆಗೆ ಒಂದು ಹಲಗೆ ಹೊಡೆದಿದ್ದಾರೆ. ಸಾಲಾಗಿ ೧೧ರಿಂದ ೬೦ರವರೆಗೆ ನಂಬರುಗಳು, ಪ್ರತಿ ನಂಬರಿನ ಕೆಳಗೂ ಒಂದೊಂದು ಮೊಳೆ. ಮೊಳೆಗಳಿಗೆ ಈಗ ತುಕ್ಕು. ಏನಿದು ಅಂತ ಕೇಳಿದ್ದಕ್ಕೆ ಕ್ಲಬ್ಬಿನ ಹಿರಿಯರೊಬ್ಬರು ನಕ್ಕರು. "ಆಗೆಲ್ಲ ವಿಮಾನ ಹಾರಿಸೋಕೆ ಮುಂಚೆ ಇಲ್ಲಿ ಹೆಸರು ನೇತುಹಾಕಬೇಕಿತ್ತು" ಅಂದರು. ಅದೇ ಹಿರಿಯರು ಐದು ನಿಮಿಷದ ನಂತರ ನನ್ನ ಕಡೆ ತಿರುಗಿ, "ನಿನ್ನ ವಿಮಾನಕ್ಕೆ ರಿಮೋಟ್ ಐಡಿ ಇದೆಯಾ? ಇಲ್ಲದಿದ್ದರೆ ಈ ಬೇಲಿ ದಾಟಿ ಹಾರಿಸಬೇಡ" ಅಂತ ಎಚ್ಚರಿಸಿದರು. ಈ ಎರಡು ಮಾತಿಗೂ ಏನೋ ಸಂಬಂಧ ಇದೆ ಅನ್ನಿಸಿ ಓದುತ್ತಾ ಹೋದೆ. ಓದಿದ್ದು ಇಲ್ಲಿದೆ.

ತಂತಿಯಿಲ್ಲದೆ ದೂರದ ವಸ್ತುವನ್ನು ಓಡಿಸುವ ಆಟ ೧೮೯೮ರಷ್ಟು ಹಳೆಯದು. ಆ ವರ್ಷ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿಯೊಳಗೆ ಪುಟ್ಟ ದೋಣಿಯೊಂದನ್ನು ರೇಡಿಯೋ ಅಲೆಗಳಿಂದ ಓಡಿಸಿ ತೋರಿಸಿದರು. ಆದರೆ ಹವ್ಯಾಸಿಗಳ ಕೈಗೆ ಇದು ಬಂದದ್ದು ೧೯೩೦ರ ದಶಕದಲ್ಲಿ. ಮಿಶಿಗನ್ ರಾಜ್ಯದ ಕಲಮಜೂ ಎಂಬ ಊರಿನ ಅವಳಿ ಸಹೋದರರು ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ೧೯೩೭ರಲ್ಲಿ 'ಗಫ್' ಅನ್ನುವ ವಿಮಾನವನ್ನು ರೇಡಿಯೋ ಮೂಲಕ ಹಾರಿಸಿದರು. ಒಬ್ಬರು ವಿಮಾನ ಕಟ್ಟುವವರು, ಇನ್ನೊಬ್ಬರು ಹ್ಯಾಮ್ ರೇಡಿಯೋದವರು. ರಿಸೀವರಿನಲ್ಲಿ ವ್ಯಾಕ್ಯೂಮ್ ಟ್ಯೂಬು. ಬಾಲದ ಪಟ್ಟಿ ತಿರುಗಿಸಲು ತಿರುಚಿಟ್ಟ ರಬ್ಬರ್ ಬ್ಯಾಂಡು! ಆ ವಿಮಾನ ಈಗ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ.

ಇಲ್ಲಿ 'ಹ್ಯಾಮ್' ಅನ್ನೋದು ಮುಖ್ಯ. ಆಗ ರೇಡಿಯೋ ಹಚ್ಚಬೇಕಾದರೆ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯಬೇಕಿತ್ತು. ಲೈಸೆನ್ಸ್ ಜೊತೆ ಒಂದು ಕಾಲ್‌ಸೈನ್ ಸಿಗುತ್ತದೆ, ಅಂದರೆ ಗಾಳಿಯಲ್ಲಿ ನಿಮ್ಮ ಹೆಸರು. ಹ್ಯಾಮ್ ಆದವರು ಮಾತಾಡುವಾಗ ಹತ್ತು ನಿಮಿಷಕ್ಕೊಮ್ಮೆಯಾದರೂ ಅದನ್ನು ಹೇಳಲೇಬೇಕು. ಆದರೆ ಮಾಡೆಲ್ ವಿಮಾನಕ್ಕೆ ಒಂದು ಚಂದದ ವಿನಾಯಿತಿ ಇದೆ. ಅಮೆರಿಕದ ಹ್ಯಾಮ್ ನಿಯಮಾವಳಿಯ ೯೭.೨೧೫ನೇ ನಿಯಮ ಓದಿ ನೋಡಿ: ಮಾಡೆಲ್ಲಿಗೆ ಮಾತ್ರ ಕಳಿಸುವ ಸಿಗ್ನಲ್ಲಿನಲ್ಲಿ ಗುರುತು ಹೇಳಬೇಕಾಗಿಲ್ಲ, ಟ್ರಾನ್ಸ್‌ಮಿಟರಿನ ಮೇಲೆ ಕಾಲ್‌ಸೈನ್, ಹೆಸರು, ವಿಳಾಸ ಬರೆದ ಚೀಟಿ ಅಂಟಿಸಿದರೆ ಸಾಕು, ಪವರ್ ಒಂದು ವ್ಯಾಟ್ ಮೀರಬಾರದು. ಒಂದು ಚೀಟಿ, ಅಷ್ಟೇ! ಹಾರಿಸುವವನು ವಿಮಾನ ಕಣ್ಣಿಗೆ ಕಾಣುವಷ್ಟು ಹತ್ತಿರ ನಿಂತಿರುತ್ತಾನೆ, ಅನುಮಾನ ಬಂದವರು ಹೋಗಿ ಚೀಟಿ ಓದಿಕೊಳ್ಳಲಿ ಅನ್ನೋದು ಅದರ ಹಿಂದಿನ ನಂಬಿಕೆ. ಈ ಚೀಟಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

೧೯೫೦ರ ದಶಕದಲ್ಲಿ ಪರೀಕ್ಷೆಯಿಲ್ಲದ ಸಾಮಾನ್ಯರಿಗೂ ೨೭ ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಜಾಗ ಸಿಕ್ಕಿತು. ಸಿಕ್ಕಿದ್ದೇನೋ ಹೌದು, ಆದರೆ ನೆಂಟರೂ ಬಂದರು. ೧೯೫೮ರಲ್ಲಿ ಅದೇ ೨೭ ಮೆಗಾಹರ್ಟ್ಸ್ ಪಟ್ಟಿಯನ್ನು ಜನಸಾಮಾನ್ಯರು ಮಾತಾಡುವ 'ಸಿಟಿಜನ್ಸ್ ಬ್ಯಾಂಡ್' ರೇಡಿಯೋಗೂ ತೆರೆದರು. ಮಾಡೆಲ್ಲುಗಳ ಆರು ಫ್ರೀಕ್ವೆನ್ಸಿಗಳು ಮಾತಿನ ಚಾನೆಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡವು. ಹೆದ್ದಾರಿಯಲ್ಲಿ ಯಾರೋ ಲಾರಿ ಡ್ರೈವರ್ ಮೈಕ್ ಹಿಡಿದರೆ ಇಲ್ಲಿ ಒಬ್ಬನ ವಿಮಾನ ಮೂಗು ಕೆಳಗೆ ಮಾಡಿ ನೆಲ ಕಚ್ಚುವ ಅಪಾಯ. ತಿಂಗಳುಗಟ್ಟಲೆ ಬಾಲ್ಸಾ ಕಡ್ಡಿ ಅಂಟಿಸಿ ಮಾಡಿದ ವಿಮಾನ! ನನ್ನ ಅಜ್ಜಿಯ ಮಣೆಗೆ ಗುದ್ದಿದ ಕಾರಿನ ದೊಡ್ಡಣ್ಣ ಅನ್ನಿ.

ಅದಕ್ಕೇ ವಿಮಾನದ ಹವ್ಯಾಸಿಗಳು ೭೨ ಮೆಗಾಹರ್ಟ್ಸಿಗೆ ಗುಳೆ ಹೋದರು. ೧೯೯೦ರ ದಶಕದ ಹೊತ್ತಿಗೆ ಅಲ್ಲಿ ೨೦ ಕಿಲೋಹರ್ಟ್ಸಿಗೊಂದರಂತೆ ಐವತ್ತು ಚಾನೆಲ್ಲುಗಳಿದ್ದವು, ೧೧ರಿಂದ ೬೦. ಶೆಡ್ಡಿನ ಹಲಗೆಯ ನಂಬರುಗಳು ಇವೇ. ನಿಯಮ ಬಹಳ ಸರಳ. ಟ್ರಾನ್ಸ್‌ಮಿಟರ್ ತಂದವರು ಅದನ್ನು ಮೊದಲು ಕ್ಲಬ್ಬಿನ ಕಪಾಟಿನಲ್ಲಿ ಇಡಬೇಕು. ಹಾರಿಸುವ ಸರದಿ ಬಂದಾಗ ತಮ್ಮ ಚಾನೆಲ್ಲಿನ ಮೊಳೆಗೆ ಹೆಸರಿನ ಕ್ಲಿಪ್ ಹಾಕಬೇಕು. ಅಲ್ಲಿ ಆಗಲೇ ಕ್ಲಿಪ್ ಇದ್ದರೆ ಕಾಯಬೇಕು. ಕ್ಲಿಪ್ ಹಾಕದೆ ಸ್ವಿಚ್ ಒತ್ತಿದರೆ ಆಕಾಶದಲ್ಲಿರುವ ಇನ್ನೊಬ್ಬರ ವಿಮಾನ ನಿಮ್ಮ ಮಾತು ಕೇಳತೊಡಗುತ್ತದೆ, ಅಥವಾ ಯಾರ ಮಾತನ್ನೂ ಕೇಳುವುದಿಲ್ಲ. ಚಾನೆಲ್ ಬೇರೆಯಾದರೂ ನೆಮ್ಮದಿಯಿಲ್ಲ. ೨೦ ಮತ್ತು ೨೨ ಒಟ್ಟಿಗೆ ಉರಿಯುತ್ತಿದ್ದರೆ ಅವೆರಡೂ ಬೆರೆತು ೨೪ರ ಜಾಗದಲ್ಲಿ ಒಂದು ದೆವ್ವದ ಸಿಗ್ನಲ್ ಹುಟ್ಟಬಹುದು (ಎರಡು ಸಲ ೨೨, ಅದರಲ್ಲಿ ೨೦ ಕಳೆದರೆ ೨೪. ಇಂಟರ್‌ಮಾಡ್ಯುಲೇಶನ್ ಅಂತ ಓದಿದ್ದು ನೆನಪಿದೆಯಾ?). ಹಾಗಾಗಿ ಪಕ್ಕದವನು ಯಾವ ಚಾನೆಲ್, ಅವನ ಪಕ್ಕದವನು ಯಾವ ಚಾನೆಲ್, ಎಲ್ಲ ಗೊತ್ತಿರಬೇಕಿತ್ತು.

ನನಗೆ ಹೊಳೆದಿದ್ದು ಇದು. ಆ ಕಾಲದಲ್ಲಿ ಸಿಗ್ನಲ್ಲಿನ ಭದ್ರತೆ ಇದ್ದದ್ದು ಯಂತ್ರದಲ್ಲಲ್ಲ, ಪರಿಚಯದಲ್ಲಿ. ಹೆಸರು ಹೇಳದೆ ಹಾರಿಸುವುದು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಹೆಸರು ಹೇಳದವನ ವಿಮಾನವೂ ಬೀಳುತ್ತಿತ್ತು. ಯಾವ ಸರ್ಕಾರವೂ ಗುರುತಿನ ಚೀಟಿ ಕೇಳಬೇಕಾಗಿರಲಿಲ್ಲ, ಭೌತಶಾಸ್ತ್ರವೇ ಕೇಳುತ್ತಿತ್ತು.

ಇದೆಲ್ಲ ಬದಲಾಗಿದ್ದು ೨.೪ ಗಿಗಾಹರ್ಟ್ಸ್ ಬಂದಮೇಲೆ. ಮೈಕ್ರೋವೇವ್ ಒಲೆ ಕೆಲಸ ಮಾಡುವ ಪಟ್ಟಿ ಅದು, ಯಾರಿಗೂ ಬೇಡದ ಕಸದ ಜಾಗ. ೧೯೮೫ರಲ್ಲಿ ಅಮೆರಿಕದ ಸಂವಹನ ಆಯೋಗ (ಎಫ್‌ಸಿಸಿ) 'ಸ್ಪ್ರೆಡ್ ಸ್ಪೆಕ್ಟ್ರಮ್' ತಂತ್ರ ಬಳಸುವುದಾದರೆ ಲೈಸೆನ್ಸಿಲ್ಲದೆ ಇಲ್ಲಿ ಯಾರು ಬೇಕಾದರೂ ರೇಡಿಯೋ ಹಚ್ಚಬಹುದು ಅಂತ ಬಿಟ್ಟುಕೊಟ್ಟಿತು. ವೈಫೈ, ಬ್ಲೂಟೂತ್ ಬೆಳೆದದ್ದು ಈ ಕಸದ ಜಾಗದಲ್ಲೇ.

ಈ ತಂತ್ರದ ಒಂದು ಬಗೆ ನಮ್ಮ ಕುಂಟೆಬಿಲ್ಲೆ ಆಟದಂತೆ. ಒಂದೇ ಮನೆಯಲ್ಲಿ ನಿಲ್ಲದೆ ಸೆಕೆಂಡಿಗೆ ಹತ್ತಾರು ಸಲ ಮನೆಯಿಂದ ಮನೆಗೆ ಕುಪ್ಪಳಿಸುವುದು. ಯಾವ ಕ್ರಮದಲ್ಲಿ ಕುಪ್ಪಳಿಸಬೇಕು ಅನ್ನೋದು ಟ್ರಾನ್ಸ್‌ಮಿಟರಿಗೂ ಅದರ ರಿಸೀವರಿಗೂ ಮಾತ್ರ ಗೊತ್ತು. ಅದೇ ಅಂಕಣದಲ್ಲಿ ಇನ್ನೂ ಇಪ್ಪತ್ತು ಜನ ತಮ್ಮತಮ್ಮ ಕ್ರಮದಲ್ಲಿ ಕುಪ್ಪಳಿಸುತ್ತಿದ್ದರೂ ಇಬ್ಬರು ಒಂದೇ ಮನೆಗೆ ಬೀಳುವುದು ಅಪರೂಪ. ಬಿದ್ದರೂ ಒಂದು ಪ್ಯಾಕೆಟ್ ಹೋಯಿತು, ಮುಂದಿನದು ಬಂತು. ವಿಮಾನಕ್ಕೆ ಗೊತ್ತೂ ಆಗುವುದಿಲ್ಲ. ತಮಾಷೆಯೆಂದರೆ ಈ ಕುಪ್ಪಳಿಸುವ ಉಪಾಯಕ್ಕೆ ೧೯೪೨ರಲ್ಲಿ ಪೇಟೆಂಟ್ ಪಡೆದವರಲ್ಲಿ ಹಾಲಿವುಡ್ ನಟಿ ಹೆಡಿ ಲಮಾರ್ ಕೂಡ ಒಬ್ಬರು. ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆ ಸೇರಿ, ಪಿಯಾನೋದ ೮೮ ಮನೆಗಳಂತೆ ೮೮ ಫ್ರೀಕ್ವೆನ್ಸಿಗಳ ನಡುವೆ ಕುಪ್ಪಳಿಸುವ ರೇಡಿಯೋ ಟಾರ್ಪೆಡೋ ಅವರ ಕಲ್ಪನೆ. ಅಂದರೆ ಅದೂ ದೂರದಿಂದ ಓಡಿಸುವ ವಸ್ತುವನ್ನು ಬೇರೆಯವರ ಕಾಟದಿಂದ ಉಳಿಸಿಕೊಳ್ಳುವ ಉಪಾಯವೇ.

೨೦೦೫-೦೬ರ ಸುಮಾರಿಗೆ ಸ್ಪೆಕ್ಟ್ರಮ್ ಕಂಪನಿ ಮಾಡೆಲ್ ವಿಮಾನಕ್ಕೆ ೨.೪ ಗಿಗಾಹರ್ಟ್ಸ್ ರೇಡಿಯೋ ತಂದಿತು. ಅದು ಕುಪ್ಪಳಿಸುವುದರ ಬದಲು ಆನ್ ಆದಕೂಡಲೇ ಖಾಲಿಯಿರುವ ಎರಡು ಜಾಗ ಹುಡುಕಿಕೊಂಡು ಕೂರುತ್ತಿತ್ತು. ಮುಖ್ಯವಾದ ವಿಷಯ ಬೇರೆ ಇದೆ. ಪ್ರತಿ ಟ್ರಾನ್ಸ್‌ಮಿಟರಿಗೂ ಕಾರ್ಖಾನೆಯಲ್ಲೇ ಒಂದು ಗುಪ್ತ ನಂಬರ್, ಸುಮಾರು ೪೦೦ ಕೋಟಿ ಸಾಧ್ಯತೆಗಳಲ್ಲಿ ಒಂದು. ರಿಸೀವರನ್ನು ಒಮ್ಮೆ ಅದಕ್ಕೆ 'ಬೈಂಡ್' ಮಾಡಿದರೆ ಮುಗಿಯಿತು, ಪತಿವ್ರತೆಯಂತೆ ಬೇರೆ ಯಾರ ಮಾತೂ ಕೇಳುವುದಿಲ್ಲ :) ಕೆಲವೇ ವರ್ಷಗಳಲ್ಲಿ ಎಲ್ಲ ಕಂಪನಿಗಳೂ ಇದೇ ದಾರಿ ಹಿಡಿದವು. ಕಪಾಟು ಖಾಲಿಯಾಯಿತು. ಹಲಗೆಗೆ ಕ್ಲಿಪ್ ಹಾಕುವವರಿಲ್ಲ.

ಅಂದರೆ ಟ್ರಾನ್ಸ್‌ಮಿಟರಿಗೆ ಈಗ ನಿಜವಾದ ಗುರುತು ಬಂತು. ಆದರೆ ಅದು ತನ್ನ ವಿಮಾನವೊಂದಕ್ಕೆ ಮಾತ್ರ ಗೊತ್ತಿರುವ ಗುರುತು. ಪಕ್ಕದವನ ಹೆಸರು ಕೇಳುವ ಅಗತ್ಯವೇ ಉಳಿಯಲಿಲ್ಲ. ಕ್ಲಬ್ಬಿಗೆ ಯಾಕೆ ಹೋಗಬೇಕು? ಮನೆ ಹಿಂದೆ ಹಾರಿಸಬಹುದು, ಪಾರ್ಕಿನಲ್ಲಿ ಹಾರಿಸಬಹುದು. ೨೦೧೩ರಲ್ಲಿ ಡಿಜೆಐ ಕಂಪನಿಯ ಫ್ಯಾಂಟಮ್ ಬಂತು. ಸಿಗ್ನಲ್ ತಪ್ಪಿದರೂ ಜಿಪಿಎಸ್ ಹಿಡಿದು ಹೊರಟ ಜಾಗಕ್ಕೆ ತಾನೇ ಮರಳುವ ಡ್ರೋನು. ಹಾರಿಸೋದನ್ನು ಯಾರಿಂದಲೂ ಕಲಿಯಬೇಕಾಗಿಯೂ ಇಲ್ಲ.

೨೦೧೫ರ ಜನವರಿ ೨೬ರ ಬೆಳಗಿನ ಜಾವ ಅಂಥ ಒಂದು ಡ್ರೋನ್ ಶ್ವೇತಭವನದ ಹುಲ್ಲಿನ ಮೇಲೆ ಬಿತ್ತು. ಯಾರದ್ದು ಅಂತ ಗೊತ್ತಾಗಿದ್ದು ಹಾರಿಸಿದವನೇ ಫೋನ್ ಮಾಡಿ ಒಪ್ಪಿಕೊಂಡ ಮೇಲೆ! ೨೦೧೮ರ ಡಿಸೆಂಬರಿನಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಬಳಿ ಡ್ರೋನ್ ಕಂಡಿತೆಂದು ಸುಮಾರು ಸಾವಿರ ವಿಮಾನಗಳು ರದ್ದಾದವು ಇಲ್ಲವೇ ಬೇರೆಡೆಗೆ ತಿರುಗಿದವು. ೧,೪೦,೦೦೦ ಪ್ರಯಾಣಿಕರು ಕ್ರಿಸ್‌ಮಸ್ ಹೊತ್ತಿಗೆ ಸಿಕ್ಕಿಹಾಕಿಕೊಂಡರು. ಪೊಲೀಸರು ಏನೂ ತಪ್ಪು ಮಾಡದ ದಂಪತಿಯೊಬ್ಬರನ್ನು ಹಿಡಿದು ಆಮೇಲೆ ಬಿಟ್ಟರು. ಹಾರಿಸಿದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಟ್ರಾನ್ಸ್‌ಮಿಟರಿನ ಮೇಲಿನ ಚೀಟಿ ಓದೋಣ ಅಂದರೆ ಟ್ರಾನ್ಸ್‌ಮಿಟರ್ ಎಲ್ಲಿದೆ?

ಅಮೆರಿಕದ ವಿಮಾನಯಾನ ಇಲಾಖೆ (ಎಫ್‌ಎಎ) ೨೦೧೫ರ ಡಿಸೆಂಬರಿನಲ್ಲಿ ೨೫೦ ಗ್ರಾಂ ಮೀರಿದ ಡ್ರೋನ್ ಹಾರಿಸುವವರೆಲ್ಲ ಐದು ಡಾಲರ್ ಕೊಟ್ಟು ನೋಂದಾಯಿಸಿ, ನಂಬರನ್ನು ವಿಮಾನದ ಮೇಲೆ ಬರೆಯಬೇಕು ಅಂದಿತು. (ಡಿಜೆಐ ತನ್ನ ಮಿನಿ ಡ್ರೋನಿನ ತೂಕವನ್ನು ಆಮೇಲೆ ೨೪೯ ಗ್ರಾಮಿಗೆ ಇಳಿಸಿತು. ಬಾಟಾ ಅಂಗಡಿ ಬೆಲೆಪಟ್ಟಿ ನೆನಪಾಯಿತೇ?) ಮಾಡೆಲ್ ವಿಮಾನಗಳ ಮೇಲೆ ನಿಯಮ ಹೇರಬಾರದು ಅಂತ ೨೦೧೨ರ ಕಾಯಿದೆಯೇ ಹೇಳಿತ್ತು. ಹವ್ಯಾಸಿಯೊಬ್ಬರು ಅದನ್ನೇ ಹಿಡಿದು ಕೋರ್ಟಿಗೆ ಹೋದರು, ೨೦೧೭ರ ಮೇ ತಿಂಗಳಲ್ಲಿ ಗೆದ್ದರು. ಗೆಲುವು ಉಳಿದದ್ದು ಏಳು ತಿಂಗಳು. ಆ ಡಿಸೆಂಬರಿನಲ್ಲಿ ಸಂಸತ್ತು ನೋಂದಣಿಯನ್ನು ವಾಪಸ್ ತಂದಿತು. ೨೦೧೮ರಲ್ಲಿ ಹಳೇ ವಿನಾಯಿತಿಯೂ ಹೋಯಿತು.

ಆದರೆ ಮೈಮೇಲೆ ಬರೆದ ನಂಬರು ಆಕಾಶದಲ್ಲಿ ಯಾರಿಗೆ ಕಾಣುತ್ತದೆ? ಡ್ರೋನ್ ಬಿದ್ದ ಮೇಲೆ ತಾನೇ? ಅದಕ್ಕೆ ಉತ್ತರವಾಗಿ ಬಂದದ್ದು ರಿಮೋಟ್ ಐಡಿ. ೨೦೧೯ರ ಡಿಸೆಂಬರಿನ ಕರಡಿನಲ್ಲಿ ಡ್ರೋನ್ ತನ್ನ ಗುರುತನ್ನು ಇಂಟರ್ನೆಟ್ ಮೂಲಕವೂ ಕಳಿಸಬೇಕು ಅಂತಿತ್ತು. ಮೊಬೈಲ್ ಸಿಗ್ನಲ್ಲೇ ಇಲ್ಲದ ಬಯಲಿನಲ್ಲಿ ಏನು ಮಾಡೋದು ಅಂತ ಜನ ಕೇಳಿದರು. ೫೩,೦೦೦ ಪ್ರತಿಕ್ರಿಯೆಗಳು ಬಂದವು. ೨೦೨೦ರ ಡಿಸೆಂಬರ್ ೨೮ರಂದು ಪ್ರಕಟವಾದ ಅಂತಿಮ ನಿಯಮದಲ್ಲಿ ಇಂಟರ್ನೆಟ್ ಕೈಬಿಟ್ಟು, ಬರೀ ರೇಡಿಯೋ ಪ್ರಸಾರ ಉಳಿಸಿಕೊಂಡರು. ಡ್ರೋನ್ ಹಾರುವಷ್ಟು ಹೊತ್ತೂ ಸೆಕೆಂಡಿಗೊಮ್ಮೆ ತನ್ನ ಗುರುತು, ಇರುವ ಜಾಗ, ಎತ್ತರ, ವೇಗ, ಜೊತೆಗೆ ಹಾರಿಸುವವನು ನಿಂತಿರುವ ಜಾಗವನ್ನು ವೈಫೈ ಅಥವಾ ಬ್ಲೂಟೂತಿನಲ್ಲಿ ಸಾರಬೇಕು. ಹಳೇ ವಿಮಾನಗಳಿಗೆ ಪ್ರತ್ಯೇಕ ಮಾಡ್ಯೂಲ್ ಕಟ್ಟಬಹುದು. ಅದು ಹಾರಿದ ಜಾಗವನ್ನು ಹೇಳುತ್ತದೆ. ಹಾರಿಸುವವರಿಗೆ ಗಡುವು ೨೦೨೩ರ ಸೆಪ್ಟೆಂಬರ್ ೧೬. ಮಾಡ್ಯೂಲುಗಳೇ ಸಾಕಷ್ಟು ಸಿಗದೆ ೨೦೨೪ರ ಮಾರ್ಚ್ ೧೬ರವರೆಗೆ ಬಿಗಿ ಮಾಡಲಿಲ್ಲ.

ಈ ನಿಯಮದ ವಿರುದ್ಧವೂ ಕೇಸಾಯಿತು. ಅಪರಾಧ ಮಾಡದವನ ಮೇಲೆ ಸದಾ ಕಣ್ಣಿಡುವುದು ಅಕ್ರಮ ಶೋಧನೆ ಅನ್ನುವುದು ವಾದ. ೨೦೨೨ರ ಜುಲೈ ೨೯ರಂದು ಕೋರ್ಟು ಇದನ್ನು ಒಪ್ಪಲಿಲ್ಲ. ಬಯಲಲ್ಲಿ ನಿಂತು ಎಲ್ಲರಿಗೂ ಕಾಣುವಂತೆ ಹಾರಿಸುವವನಿಗೆ ಅಷ್ಟು ಖಾಸಗಿತನದ ನಿರೀಕ್ಷೆ ಇರುವಂತಿಲ್ಲ, ನಂಬರಿನ ಹಿಂದಿರುವ ಹೆಸರು ಸಾರ್ವಜನಿಕರಿಗೆ ಸಿಗುವುದೂ ಇಲ್ಲ ಅನ್ನೋದು ತೀರ್ಪಿನ ಸಾರಾಂಶ.

ಕಾನೂನು ಏನೇ ಇರಲಿ, ನನ್ನೊಳಗಿನ ಇಂಜಿನಿಯರಿಗೆ ಎರಡು ಕಿರಿಕಿರಿ ಇವೆ.

ಒಂದು, ಮಾಡ್ಯೂಲ್ ಸಾಮಾನ್ಯವಾಗಿ ಕೂಗುವುದು ನಮ್ಮ ಕಂಟ್ರೋಲ್ ಸಿಗ್ನಲ್ ಇರುವ ೨.೪ ಗಿಗಾಹರ್ಟ್ಸಿನಲ್ಲೇ. ಲೆಕ್ಕ ಹಾಕಿ ನೋಡಿ. ಟ್ರಾನ್ಸ್‌ಮಿಟರ್ ಒಂದು ಕಿಲೋಮೀಟರ್ ದೂರದಲ್ಲಿದೆ, ಮಾಡ್ಯೂಲ್ ರಿಸೀವರಿನಿಂದ ಹತ್ತು ಸೆಂಟಿಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ದೂರದಲ್ಲಿ ಹತ್ತು ಸಾವಿರ ಪಟ್ಟು ವ್ಯತ್ಯಾಸ. ಶಕ್ತಿ ದೂರದ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ, ಹಾಗಾಗಿ ಎರಡರ ಪವರ್ ಒಂದೇ ಇದ್ದರೆ ಮಾಡ್ಯೂಲಿನ ಸದ್ದು ಹತ್ತು ಕೋಟಿ ಪಟ್ಟು ಜೋರು! ಕಿವಿ ಪಕ್ಕ ತಮಟೆ ಬಾರಿಸುತ್ತಿರುವಾಗ ಊರಾಚೆಯ ಪಿಸುಮಾತು ಕೇಳಿಸಿಕೊಳ್ಳಬೇಕು. ಕ್ಷಣ ಮಾತ್ರದ ಕೂಗಾದ್ದರಿಂದ ಕುಂಟೆಬಿಲ್ಲೆ ಸಾಮಾನ್ಯವಾಗಿ ಕಾಪಾಡುತ್ತದೆ ಅನ್ನೋದು ನಿಜ. ಆದರೂ ಆಂಟೆನಾಗಳನ್ನು ದೂರ ಇಡಬೇಕು. ಕಾಲೇಜಿನಲ್ಲಿ ನಾವು ರಿಸೀವರಿನ ಆಂಟೆನಾವನ್ನು ಕಾರ್ಬನ್ ಫೈಬರ್ ಕಡ್ಡಿಗೆ ಟೇಪ್ ಸುತ್ತಿ ಅಂಟಿಸಿದ್ದೆವು. ಕಾರ್ಬನ್ ಸಿಗ್ನಲ್ಲನ್ನು ತಡೆಯುತ್ತದೆ ಅಂತ ಓದಿದ್ದು ಪರೀಕ್ಷೆಗೆ ಮಾತ್ರ. ವಿಮಾನ ತಿರುಗಿದ ಕೂಡಲೇ ಸಿಗ್ನಲ್ ಹೋಯಿತು, ಮೂರು ತಿಂಗಳ ಕೆಲಸ ತೆಂಗಿನ ತೋಟದಲ್ಲಿ ಚೂರಾಯಿತು. ಆವತ್ತಿನಿಂದ ಆಂಟೆನಾ ವಿಷಯದಲ್ಲಿ ನಾನು ಮಡಿವಂತ.

ಎರಡು, ಕಡ್ಡಾಯ ಮಾಡಿರುವುದು ಹೆಸರು ಕೂಗುವುದನ್ನು ಮಾತ್ರ. ಕೂಗಿದ್ದು ನಿಜವಾ ಅಂತ ಪರೀಕ್ಷಿಸುವ ಡಿಜಿಟಲ್ ಸಹಿ ಕಡ್ಡಾಯವಲ್ಲ. ಇಎಸ್‌ಪಿ೩೨ ಅನ್ನುವ ಕೆಲವೇ ನೂರು ರೂಪಾಯಿಯ ಬೋರ್ಡಿನಿಂದ ಇಲ್ಲದ ಡ್ರೋನನ್ನು ಇದೆ ಅಂತ ಸಾರಬಹುದು. ಕೆಟ್ಟ ಕೆಲಸಕ್ಕೆ ಹೊರಟವನು ಮಾಡ್ಯೂಲನ್ನು ಕಟ್ಟುವುದೇ ಇಲ್ಲ. ಪ್ರಾಮಾಣಿಕನಾದವನು ಮಾತ್ರ ತಾನು ನಿಂತ ಜಾಗವನ್ನು ದಾರಿಯಲ್ಲಿ ಹೋಗುವವರ ಫೋನಿಗೆಲ್ಲ ತಿಳಿಸುತ್ತಾ ಇರಬೇಕು.

ನಮ್ಮ ಕಡೆಯೂ ಇದೇ ಪ್ರಶ್ನೆ ಬಂದಿದೆ. ೨೦೧೮ರ ಡಿಸೆಂಬರಿನಲ್ಲಿ ಶುರುವಾದ ಡಿಜಿಟಲ್ ಸ್ಕೈ 'ಅನುಮತಿ ಇಲ್ಲದೆ ಹಾರಾಟವಿಲ್ಲ' ಅಂತ ಹೊರಟಿತ್ತು. ಅಂದರೆ ಹೆಸರು ಹೇಳೋದಲ್ಲ, ಮೊದಲೇ ಕೇಳಿಕೊಂಡು ಹಾರಬೇಕು. ೨೦೨೧ರ ಡ್ರೋನ್ ನಿಯಮಗಳು ಅದನ್ನೂ, ಜಾಗ ಸಾರುವ ಬೀಕನ್ನನ್ನೂ ಸರ್ಕಾರ ಮುಂದೆ ಕಡ್ಡಾಯ ಮಾಡಬಹುದು, ಮಾಡಿದರೆ ಕನಿಷ್ಠ ಆರು ತಿಂಗಳು ಸಮಯ ಕೊಡಬೇಕು ಅಂದವು.

ಮತ್ತೆ ಹಲಗೆಗೆ ಬರೋಣ. ಅಮೆರಿಕದ ನಿಯಮದಲ್ಲಿ ಒಂದು ವಿನಾಯಿತಿ ಇದೆ, 'ಫ್ರಿಯಾ' ಅಂತ. ಮಾನ್ಯತೆ ಪಡೆದ ಹವ್ಯಾಸಿ ಸಂಘಗಳು, ಶಿಕ್ಷಣ ಸಂಸ್ಥೆಗಳು ಅರ್ಜಿ ಹಾಕಿ ತಮ್ಮ ಮೈದಾನವನ್ನು ಗುರುತಿಸಿಕೊಳ್ಳಬಹುದು. ಅದರ ಗಡಿಯೊಳಗೆ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹಾರಿಸಿದರೆ ರಿಮೋಟ್ ಐಡಿ ಬೇಕಿಲ್ಲ. ಯಾಕೆ ಬೇಕಿಲ್ಲ? ಅಲ್ಲಿ ಯಾರು ಹಾರಿಸುತ್ತಿದ್ದಾರೆ ಅಂತ ಪಕ್ಕದವರಿಗೆ ಗೊತ್ತಿರುತ್ತದೆ, ನನಗೆ ತಿಳಿದಂತೆ ಅದಕ್ಕೇ. ಪರಿಚಯ ಇರುವಲ್ಲಿ ಪ್ರಸಾರ ಬೇಡ ಅಂತ ಕಾನೂನು ಸುತ್ತಿ ಬಳಸಿ ಒಪ್ಪಿಕೊಂಡ ಹಾಗಾಯಿತು. ನಮ್ಮ ಕ್ಲಬ್ಬಿನ ಬೇಲಿ ಅದೇ. ಹಿರಿಯರು ಹೇಳಿದ್ದು ಅದನ್ನೇ.

ಹೋದ ತಿಂಗಳು ನಾನೂ ಒಂದು ಮಾಡ್ಯೂಲ್ ಕೊಂಡೆ. ಫೋಮ್ ವಿಮಾನದ ಬಾಲದ ಹತ್ತಿರ, ರಿಸೀವರಿನಿಂದ ಆದಷ್ಟು ದೂರ ಕಟ್ಟಿ ಮನೆ ಪಕ್ಕದ ಪಾರ್ಕಿಗೆ ಹೋದೆ. ಫೋನಿನಲ್ಲಿ ಆ್ಯಪ್ ತೆರೆದರೆ ನಕಾಶೆ ಮೇಲೆ ಎರಡು ಚುಕ್ಕಿ, ಒಂದು ವಿಮಾನ, ಇನ್ನೊಂದು ನಾನು ವಿಮಾನ ಬಿಟ್ಟ ಜಾಗ. ನನ್ನನ್ನು ನಾನೇ ಕದ್ದು ನೋಡಿದಂತೆ ಕಸಿವಿಸಿಯಾಯಿತು. ಪಾರ್ಕಿನಲ್ಲಿ ಇನ್ನೂ ಎಷ್ಟೋ ಜನ ಇದ್ದರು. ಚುಕ್ಕಿ ಯಾರಿಗಾದರೂ ಕಂಡಿರಬಹುದು. ಒಬ್ಬರೂ ಬಂದು ಹೆಸರು ಕೇಳಲಿಲ್ಲ.

ಮುಂದಿನ ಶನಿವಾರ ಕ್ಲಬ್ಬಿಗೇ ಹೋದೆ. ಹಲಗೆ ಸುಮ್ಮನೆ ಇತ್ತು. ಟ್ರಾನ್ಸ್‌ಮಿಟರಿನ ಹಿಂದೆ ಒಂದು ಚೀಟಿ ಅಂಟಿಸಿಕೊಂಡಿದ್ದೇನೆ, ಹೆಸರು, ಫೋನ್ ನಂಬರ್ ಬರೆದು. ಯಾವ ನಿಯಮವೂ ನನ್ನಿಂದ ಅದನ್ನು ಕೇಳುವುದಿಲ್ಲ. ಆದರೂ ಇರಲಿ ಅನ್ನಿಸಿತು.